ಮಜ್ಜಿಗೆ ದೋಣಿ

ನನ್ನ ಬರೆಯುವ ಮೇಜಿನ ಮೂಲೆಯಲ್ಲಿ ಒಂದು ಹಿತ್ತಾಳೆಯ ತಂಬಿಗೆಯಿದೆ. ನೀರಿಗಾಗಿ ಇಟ್ಟದ್ದಲ್ಲ. ನಾಲ್ಕು ಪೆನ್ನು, ಮೊಂಡಾದ ಎರಡು ಪೆನ್ಸಿಲ್ಲು, ಒಂದು ಕತ್ತರಿ, ಮುರಿದ ಕನ್ನಡಕದ ಒಂದು ಕಾಲು, ಇವನ್ನೆಲ್ಲ ಹೊತ್ತುಕೊಂಡು ಹನ್ನೆರಡು ವರ್ಷಗಳಿಂದ ಅದು ಅಲ್ಲಿ ಕೂತಿದೆ. ಅದರ ಬಾಯಂಚಿನಲ್ಲಿ ಒಂದು ಕಡೆ ಹೆಬ್ಬೆರಳು ಕೂರುವಷ್ಟು ತಗ್ಗು ಬಿದ್ದಿದೆ. ರೋಣದ ನನ್ನ ಈ ಸಣ್ಣ ಮನೆಗೆ ಬಂದವರು ಅದನ್ನೆತ್ತಿ, ಕೈಯಲ್ಲೇ ತೂಗಿ ನೋಡಿ, ಈಗ ಇಂಥ ಹಿತ್ತಾಳೆ ಎಲ್ಲಿ ಸಿಗುತ್ತದೆ ಎಂದು ನಿಟ್ಟುಸಿರಿಟ್ಟು ಮತ್ತೆ ಅಲ್ಲೇ ಇಡುತ್ತಾರೆ. ಆಗೆಲ್ಲ ನಾನು, ಅದು ನಮ್ಮ ಅಜ್ಜಿ ನೀರು ಕುಡಿಯುತ್ತಿದ್ದ ತಂಬಿಗೆ ಎಂದು ತುಸು ಮೆತ್ತಗಿನ ದನಿಯಲ್ಲಿ ಹೇಳುತ್ತಿದ್ದೆ. ನೀವು ಬಂದಿದ್ದರೆ ನಿಮಗೂ ಹೇಳುತ್ತಿದ್ದೆ, ನೀವೂ ನಂಬುತ್ತಿದ್ದಿರಿ. ಒಬ್ಬರ ಅಜ್ಜಿಯ ತಂಬಿಗೆಯನ್ನು ಸಂದೇಹಿಸುವಷ್ಟು ಒರಟರು ಲೋಕದಲ್ಲಿ ಕಡಿಮೆ.

ಆ ಕಡಿಮೆ ಜನರಲ್ಲಿ ನಾನೂ ಒಬ್ಬ ಎಂದು ನನಗೊಂದು ಹಮ್ಮು ಇತ್ತು. ಧಾರವಾಡದಲ್ಲಿ ಇತಿಹಾಸ ಓದಿ, ಮೂವತ್ತು ವರ್ಷ ಕಾಲೇಜುಗಳಲ್ಲಿ ಅದನ್ನೇ ಕಲಿಸಿ, ಸಾಕ್ಷಿಯಿಲ್ಲದ ನೆನಪು ವದಂತಿಗಿಂತ ಹೆಚ್ಚಿನದೇನೂ ಅಲ್ಲ ಎಂದು ನೂರಾರು ವಿದ್ಯಾರ್ಥಿಗಳ ತಲೆಗೆ ತುಂಬಿದವನು ನಾನು. ಅವರ ನೆನಪನ್ನು ಮಾತ್ರ ಅಲ್ಲ, ನನ್ನದನ್ನೂ ನಂಬುತ್ತಿರಲಿಲ್ಲ. ಬಾಲ್ಯದ ಮನೆಯ ಅಂಗಳದಲ್ಲಿ ಒಂದು ಬೇವಿನ ಮರವಿತ್ತೆಂದೂ ಅದರ ಕೆಳಗೆ ನಾನು ಮಗ್ಗಿ ಕಲಿತೆನೆಂದೂ ಬಹಳ ವರ್ಷ ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೆ. ನರೇಗಲ್ಲಿಗೆ ಮದುವೆಯಾಗಿ ಹೋದ ನನ್ನ ಅಕ್ಕ ಒಂದು ದಿನ, ಆ ಅಂಗಳದಲ್ಲಿ ಮರವೇ ಇರಲಿಲ್ಲ, ಮರವಿದ್ದದ್ದು ಎದುರು ಮನೆಯವರ ಅಂಗಳದಲ್ಲಿ, ನಾವು ಕೂತದ್ದು ಅದರ ನೆರಳಿನಲ್ಲಿ ಎಂದು ತಿದ್ದಿದಳು. ಪರರ ಮರವನ್ನು ನನ್ನ ಅಂಗಳಕ್ಕೆ ಕಿತ್ತು ತಂದಿದ್ದೆ. ಅಂದಿನಿಂದ ನೆನಪೆಂದರೆ ನನಗೆ ಸಲಿಗೆಯ ನೆಂಟನಂತೆ: ಬಂದರೆ ಕೂರಿಸುತ್ತೇನೆ, ಅವನ ಕೈಗೆ ಕೀಲಿ ಕೊಡುವುದಿಲ್ಲ.

ಆ ಬಾಲ್ಯದ ಮನೆ ಗಜೇಂದ್ರಗಡದಲ್ಲಿದೆ. ಬೆಟ್ಟದ ಬುಡಕ್ಕೆ ಬೆನ್ನು ಕೊಟ್ಟು ಕೂತ ಹಳೆಯ ಓಣಿಯಲ್ಲಿ, ಅಜ್ಜನ ಅಜ್ಜ ಕಟ್ಟಿಸಿದ್ದೆಂದು ಮನೆಯವರು ಹೇಳುವ ಕಲ್ಲಿನ ವಾಡೆ ಅದು. ಈಗ ಬೆಟ್ಟದ ನೆತ್ತಿಯ ಮೇಲೆಲ್ಲ ಗಾಳಿಯಂತ್ರಗಳು ನಿಂತಿವೆ. ಅವುಗಳ ರೆಕ್ಕೆಯ ನೆರಳು ಸಂಜೆಯ ಹೊತ್ತು ಓಣಿಯ ಮಾಳಿಗೆಗಳನ್ನು ಒಂದೊಂದಾಗಿ ಒರೆಸಿಕೊಂಡು ಹೋಗುತ್ತದೆ. ಅವುಗಳನ್ನು ನೋಡಿಕೊಳ್ಳಲು ಬರುವ ಎಂಜಿನಿಯರರಿಗೂ, ಬಾದಾಮಿಗೆ ಹೋಗುತ್ತ ಕಾರು ತಿರುಗಿಸುವ ಊರೂರಿನ ಪ್ರವಾಸಿಗಳಿಗೂ ಉಳಿಯಲು ಒಂದು ಜಾಗ ಬೇಕಿತ್ತು. ವಾಡೆ ಪಾಲಿಗೆ ಬಂದದ್ದು ನನ್ನ ಚಿಕ್ಕಪ್ಪನ ಮಗ ಈರಣ್ಣನಿಗೆ. ಪೇಟೆಯಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟವನು, ಮಾತಿನಲ್ಲಿ ಚುರುಕು, ಎದೆಯಲ್ಲಿ ಕೆಟ್ಟವನಲ್ಲ. ಮೂರು ವರ್ಷದ ಹಿಂದೆ ಆತ ವಾಡೆಯನ್ನು ಅತಿಥಿಗೃಹ ಮಾಡಿದ.

ನಮ್ಮ ಕಡೆಯ ಹಳೆಯ ಮನೆಗಳ ಕಟ್ಟೋಣವನ್ನು ನೀವು ನೋಡಿರದಿದ್ದರೆ ಎರಡು ಮಾತು ಹೇಳಬೇಕು. ಹೊರಗಿನಿಂದ ಅದು ಮನೆಯಂತೆ ಕಾಣುವುದಿಲ್ಲ, ಮುಚ್ಚಿದ ಮುಷ್ಟಿಯಂತೆ ಕಾಣುತ್ತದೆ. ಓಣಿಯ ಕಡೆಗೆ ಕಿಟಕಿಯಿಲ್ಲ. ಎರಡು ಮೊಳ ದಪ್ಪದ ಕಲ್ಲಿನ ಗೋಡೆ, ತಲೆ ತಗ್ಗಿಸದೆ ಒಳಗೆ ಬಿಡದ ಬಾಗಿಲು. ದಾಟಿದರೆ ಮೊದಲು ದನ ಕಟ್ಟುವ ಅಂಕಣ. ಹೌದು, ಎತ್ತು ಎಮ್ಮೆಗಳು ಮನೆಯೊಳಗೇ, ಗೋಡೆಯುದ್ದಕ್ಕೂ ಅವುಗಳ ಮೇವಿನ ಗ್ವಾದಲಿ. ಅಲ್ಲಿಂದ ಸೊಂಟದೆತ್ತರದ ಕಟ್ಟೆ ಏರಿದರೆ ಪಡಸಾಲೆ: ಹೊಳಪು ಬಂದ ಕಂಬಗಳು, ತೊಲೆ, ಜಂತಿ, ಅದರ ಮೇಲೆ ಮಣ್ಣಿನ ಮಾಳಿಗೆ, ಮಾಳಿಗೆಯಲ್ಲಿ ಕೊರೆದ ಬೆಳಕಿಂಡಿಯಿಂದ ಇಳಿಯುವ ಒಂದು ಕಂಬದಷ್ಟು ಬಿಸಿಲು. ಪಡಸಾಲೆಯಾಚೆ ಇನ್ನೊಂದು ಮೆಟ್ಟಿಲು ಎತ್ತರದಲ್ಲಿ ಅಡುಗೆಮನೆ, ಅದರಾಚೆ ಮತ್ತೂ ಒಂದು ಮೆಟ್ಟಿಲಿನ ಮೇಲೆ, ಹಗಲಲ್ಲೂ ದೀಪ ಬೇಡುವ ದೇವರ ಮನೆ. ಒಳಗೊಳಗೆ ಹೋದಂತೆ ನೆಲ ಏರುತ್ತದೆ, ಬೆಳಕು ಇಳಿಯುತ್ತದೆ.

ಬೇಸಿಗೆಯಲ್ಲಿ ತಂಪು, ಚಳಿಯಲ್ಲಿ ಬೆಚ್ಚಗೆ ಎಂದು ಈ ಮನೆಗಳನ್ನು ಎಲ್ಲರೂ ಹೊಗಳುತ್ತಾರೆ. ಸುಳ್ಳಲ್ಲ. ಆದರೆ ಆ ಮೆಟ್ಟಿಲುಗಳನ್ನು ಯಾರೂ ಎಣಿಸುವುದಿಲ್ಲ. ಈ ಮೆಟ್ಟಿಲಿನವರೆಗೆ ಒಕ್ಕಲಿನವರು, ಈ ಮೆಟ್ಟಿಲಿನವರೆಗೆ ಪೇಟೆಯ ವರ್ತಕರು, ಇದರಾಚೆ ಬೀಗರು, ಅದರಾಚೆ ಮನೆಯವರು ಮಾತ್ರ ಎಂದು ಬಾಯಿಬಿಟ್ಟು ಯಾರೂ ಹೇಳಬೇಕಾಗಿರಲಿಲ್ಲ; ಕಲ್ಲೇ ಹೇಳುತ್ತಿತ್ತು. ಮನೆಯೆಂದರೆ ಮನುಷ್ಯರನ್ನು ಸೋಸುವ ಒಂದು ಸಾಣಿಗೆ. ಆ ಸಾಣಿಗೆಗೆ ಬೀಳದೆ ಹೊರಗೇ ಉಳಿದವರಿದ್ದರು. ಎತ್ತು ಒಳಗೆ, ಎತ್ತಿನ ಸಗಣಿ ಬಳಿಯುವವರು ಸಗಣಿ ಬಳಿದಾದ ಮೇಲೆ ಹೊರಗೆ. ಇದನ್ನು ತಂಪು ಬೆಚ್ಚಗಿನ ಲೆಕ್ಕದಲ್ಲಿ ಯಾವ ಅಂಕಣಕ್ಕೆ ಹಾಕುವುದೋ ವಾಸ್ತುಶಿಲ್ಪ ಕಲಿಸುವವರು ಹೇಳಬೇಕು.

ಈರಣ್ಣ ವಾಡೆಯನ್ನು ಕೆಡವಲಿಲ್ಲ, ಅದಕ್ಕೆ ಅವನನ್ನು ಮೆಚ್ಚಬೇಕು. ಆದರೆ ಇದ್ದದ್ದಕ್ಕೆಲ್ಲ ಹೊಸ ಹೆಸರಿಟ್ಟ. ಗ್ವಾದಲಿಯಲ್ಲಿ ಸಾಲಾಗಿ ಕೈತೊಳೆಯುವ ಬೋಗುಣಿಗಳು ಬಂದವು. ದನದ ಅಂಕಣ ಊಟದ ಹಾಲ್ ಆಯಿತು. ಪಡಸಾಲೆಯ ನೆಲದಡಿ ಜೋಳ ತುಂಬಿಡುತ್ತಿದ್ದ ಹಗೇವಿನ ಬಾಯಿಗೆ ದಪ್ಪ ಗಾಜು ಕೂರಿಸಿ ಒಳಗೊಂದು ಕೆಂಪು ದೀಪ ಇಳಿಬಿಟ್ಟ. ಅದನ್ನೀಗ ಗುಪ್ತ ನೆಲಮಾಳಿಗೆ ಎನ್ನುತ್ತಾರೆ. ಹಗೇವು ತೆಗೆಯುವ ದಿನ ಒಳಗಿನ ಕೆಟ್ಟ ಗಾಳಿ ಹೋಗಲೆಂದು ಅರ್ಧ ದಿನ ಬಾಯಿ ತೆರೆದಿಟ್ಟು, ಆಮೇಲೆ ಹಗ್ಗಕ್ಕೆ ದೀಪ ಕಟ್ಟಿ ಇಳಿಸಿ, ದೀಪ ಆರದಿದ್ದರೆ ಮಾತ್ರ ಆಳನ್ನು ಇಳಿಸುತ್ತಿದ್ದರು. ದೀಪದ ನಂತರ ಇಳಿಯುವ ಆ ಆಳು ಯಾರ ಮನೆಯವನಾಗಿರುತ್ತಿದ್ದ ಎಂಬುದು ಗಾಜಿನ ಮೂಲಕ ಕಾಣುವುದಿಲ್ಲ.

ಅತಿಥಿಗಳಿಗೆ ಕಲ್ಲು ಕಾಣಬೇಕಂತೆ. ನಮ್ಮ ಹಿರಿಯರು ಮಣ್ಣು, ಸುಣ್ಣ ಬಳಿದು ಮುಚ್ಚಿದ್ದ ಕಲ್ಲನ್ನು ಈರಣ್ಣ ಕೆರೆಸಿ ಕೆರೆಸಿ ತೆಗೆಸಿದ. ಹಾಗೆ ಕೆರೆಯುವಾಗ, ಅಡುಗೆಮನೆಯಿಂದ ಹಿತ್ತಿಲಿಗೆ ಹೋಗುವ ಇಕ್ಕಟ್ಟಾದ ಓಣಿಯಂಥ ದಾರಿಯಲ್ಲಿ, ಗೋಡೆಯ ಒಂದು ಕಡೆ ಗಾರೆ ಉದುರಿ ಒಳಗಿನಿಂದ ಚಿಲ್ಲರೆ ಕಲ್ಲು ಬಿದ್ದವು. ತೆಗೆದು ನೋಡಿದರೆ ಅಂಗೈಯಗಲದ ಒಂದು ತೂತು. ಗೋಡೆಯ ದಪ್ಪಕ್ಕೂ ಹಾಯ್ದ, ನೀರು ಹರಿಸುವ ಕಾಲುವೆಯಂತೆ ಕೊರೆದ ಒಂದೇ ಕಲ್ಲಿನ ದೋಣಿ; ಒಳಗಿನಿಂದ ಹೊರಕ್ಕೆ ಇಳಿಜಾರು; ಹಿತ್ತಿಲ ಕಡೆಗೆ ಒಂದು ಗೇಣು ಮುಂದೆ ಚಾಚಿದ ತುಟಿ. ದೋಣಿಯ ತಳ ಅಂಗೈಯಿಂದ ಸವರಿದರೆ ಜಾರುವಷ್ಟು ನುಣುಪು.

ಈರಣ್ಣ ಅಂದೇ ನನಗೆ ಫೋನ್ ಮಾಡಿದ. ಮರುದಿನ ನಾನು ಅಬ್ಬಿಗೇರಿ ಮೇಲಿನ ಬಸ್ಸು ಹಿಡಿದು ಹೋದೆ. ಪಡಸಾಲೆಯಲ್ಲಿ ಚಹಾ ಕೊಟ್ಟು ವಿಷಯಕ್ಕೆ ಬಂದ.

"ಅಣ್ಣಾ, ಬಂದೂಕಿನ ಕಿಂಡಿ ಸಿಕ್ಕೈತಿ. ನರಗುಂದದ ಬಂಡಾಯದಾಗ ನಮ್ಮ ಹಿರೇರು ಇಲ್ಲಿಂದನ ಗುಂಡು ಹಾರಿಸ್ಯಾರ. ಅದರ ಬಾಜೂಕ ಒಂದು ಫಲಕ ಹಾಕಸಬೇಕು. ನೀ ನಾಲ್ಕು ಸಾಲು ಬರಕೊಡು, ಕೆಳಗ ನಿನ್ನ ಹೆಸರು ಹಾಕೂಣು. ನಾ ಹೇಳಿದ್ರ ಗೊಬ್ಬರದ ಅಂಗಡಿಯವ ಅಂತಾರ, ನೀ ಹೇಳಿದ್ರ ಮಂದಿ ನಂಬತಾರ."

ನಿಮಗೆ ಹೇಳಬೇಕು: ರೋಣ, ನರೇಗಲ್ಲು, ಗಜೇಂದ್ರಗಡ, ಈ ಮೂರು ಊರುಗಳ ನಡುವೆ, ಬ್ರಿಟಿಷರ ವಿರುದ್ಧದ ಆ ನರಗುಂದದ ಬಂಡಾಯದಲ್ಲಿ ಪಾಲ್ಗೊಳ್ಳದ ಹಳೆಯ ಗೋಡೆ ಒಂದೂ ಉಳಿದಿಲ್ಲ. ಅಂದು ಇಷ್ಟು ಗೋಡೆಗಳು ಹೋರಾಡಿದ್ದರೆ ಸೋಲುವ ಪ್ರಶ್ನೆಯೇ ಇರುತ್ತಿರಲಿಲ್ಲ.

"ಬಂದೂಕಿನ ಕಿಂಡಿ ಒಳಗ ಅಗಲ ಇರತೈತಿ, ಹೊರಗ ಸಣ್ಣದಿರತೈತಿ," ಎಂದೆ. "ಇದು ಇಳಿಜಾರೈತಿ, ಈರಣ್ಣ. ಇಲ್ಲಿಂದ ಗುಂಡು ಹೊಡದ್ರ ಗ್ವಾಡಿ ಹತ್ತಿರ ನಿಂತಾವನ ಕಾಲಿಗೆ ಬೀಳತೈತಿ."

"ಕಾಲಿಗೇ ಹೊಡೀತಿದ್ರೇಳು. ಜೀವ ಉಳೀಲಿ ಅಂತ. ನಮ್ಮ ಹಿರೇರು ಧರ್ಮವಂತರು," ಎಂದು ನಕ್ಕ. ನಾನೂ ನಕ್ಕೆ.

ಆ ನಗುವೇ ಎಲ್ಲವನ್ನೂ ಕೆದಕಿತು. ಎದ್ದು ಆ ಇಕ್ಕಟ್ಟಿನ ದಾರಿಗೆ ಹೋಗಿ ದೋಣಿಯ ಮುಂದೆ ನಿಂತಾಗ, ಅಲ್ಲಿ ಹಿಂದೊಮ್ಮೆ ಕೇಳಿದ್ದ ಇನ್ನೊಂದು ನಗು ಬಂತು. ಮಬ್ಬುಗತ್ತಲು, ಹುಳಿಮಜ್ಜಿಗೆಯ ವಾಸನೆ, ಅಜ್ಜಿಯ ಕೈಯಲ್ಲಿ ತಂಬಿಗೆ, ಅವಳ ಸೆರಗು ಹಿಡಿದು ನಿಂತ ನಾನು, ಗೋಡೆಯ ಆಚೆ ಯಾರದೋ ನಗು. ಹಿತ್ತಿಲಲ್ಲಿ ನಿಂತವರು ಬೊಗಸೆಯನ್ನು ಬಾಯಿಗೆ ಹಚ್ಚಿ ದೋಣಿಯ ತುಟಿಯ ಕೆಳಗೆ ಬಾಗುತ್ತಾರೆ. ಅಜ್ಜಿ ಒಳಗಿನಿಂದ ಮಜ್ಜಿಗೆ ಸುರಿಯುತ್ತಾಳೆ. ಹೊಲದಿಂದ ಬಂದ ಕೇರಿಯವರಿಗೆ ಮಧ್ಯಾಹ್ನದ ಮಜ್ಜಿಗೆ. ಅವರು ಒಳಗೆ ಬರಬಾರದು, ಅವರ ಕೈಗೆ ಪಾತ್ರೆ ಕೊಡಬಾರದು, ಅವರು ಕುಡಿಯುವಾಗ ನೋಡಲೂಬಾರದು. ಕಲ್ಲು ಈ ಮೂರನ್ನೂ ಒಂದೇ ಏಟಿಗೆ ಸಾಧಿಸುತ್ತಿತ್ತು. ಬಾಗಿಲು ತೆರೆಯದೆ ದಾನ ಮಾಡುವ ಉಪಾಯ. ಇಂಥದ್ದನ್ನು ಯೋಚಿಸಿದ ಶಿಲ್ಪಿ ಜಾಣನೇ ಇರಬೇಕು.

ಆದರೆ ಇದು ನಾನು ಕಂಡದ್ದೇ? ಅಥವಾ ಎಲ್ಲೋ ವಿಚಾರ ಸಂಕಿರಣದಲ್ಲಿ ಯಾರೋ ಹೇಳಿದ್ದನ್ನು, ಎದುರು ಮನೆಯ ಬೇವಿನ ಮರದಂತೆ, ನಮ್ಮ ಗೋಡೆಗೆ ತಂದು ನೆಟ್ಟಿದ್ದೇನೆಯೆ? ಬಂದೂಕಿನ ಕಿಂಡಿಗಿಂತ ಮಜ್ಜಿಗೆಯ ದೋಣಿ ನನ್ನಂಥವನಿಗೆ ಹೆಚ್ಚು ಹಿಡಿಸುವ ಕಥೆ. ಹಿಡಿಸುವ ಕಥೆಯನ್ನೇ ಮೊದಲು ಸಂದೇಹಿಸಬೇಕೆಂದು ಕಲಿಸಿದವನೂ ನಾನೇ. ಫಲಕದ ಮೇಲೆ ನನ್ನ ಹೆಸರು ಬರುವುದಾದರೆ ಒಬ್ಬ ಸಾಕ್ಷಿ ಬೇಕಿತ್ತು.

ಸಾಕ್ಷಿ ಹಿತ್ತಿಲಲ್ಲೇ ಇದ್ದಳು. ಹುಲಿಗೆವ್ವ, ನನಗಿಂತ ಎಂಟು ಹತ್ತು ವರ್ಷ ಹಿರಿಯಳು, ಹುಡುಗಿಯಾಗಿದ್ದಾಗ ನಮ್ಮ ಮನೆಯ ಸಗಣಿ ಬಳಿದು, ನಮ್ಮ ಹೊಲದಲ್ಲಿ ಕಳೆ ತೆಗೆದವಳು. ಈಗ ಅತಿಥಿಗೃಹದ ಹಾಸಿಗೆಯ ಚಾದರಗಳನ್ನು ಒಗೆಯುತ್ತಾಳೆ. ಬಿಳಿ ಚಾದರಗಳು ಹಗ್ಗದ ತುಂಬ ಗಾಳಿಗೆ ಉಬ್ಬಿಕೊಂಡಿದ್ದವು. ಒಗೆಯುವ ಕಲ್ಲಿನಿಂದೆದ್ದು ಆಕೆ ಗೋಡೆಯ ಬಳಿ ಬಂದು ನಲ್ಲಿ ತಿರುಗಿಸಿ ಬೊಗಸೆಯಲ್ಲಿ ನೀರು ಕುಡಿದಳು. ಕೆಲಸದವರಿಗೆಂದು ಈರಣ್ಣ ಹಾಕಿಸಿದ ನಲ್ಲಿ ಅದು. ಒಳಗಿನ ಶುದ್ಧ ನೀರಿನ ಯಂತ್ರ ಅತಿಥಿಗಳಿಗೆ. ನಲ್ಲಿ ಇರುವುದು ದೋಣಿಯ ತುಟಿಯ ನೇರ ಕೆಳಗೆ.

"ಹುಲಿಗೆವ್ವ, ನೀವು ಸ್ವಲ್ಪ ಬರ್ತೀರೇನ್ರಿ ಇಲ್ಲೆ, ಒಂದು ಕೇಳೂದೈತಿ," ಎಂದೆ.

ಆಕೆ ಸೆರಗಿನಿಂದ ಬಾಯಿ ಒರೆಸಿಕೊಂಡು ಹಿಂದೆ ತಿರುಗಿ ನೋಡಿದಳು. "ಯಾರನ್ನ ಕರಿಯಾಕತ್ತೀರಿ ಗೌಡ್ರ? ನನಗ ನೀವು ಅಂದ್ರ ನನ್ನ ಹಿಂದ ಮತ್ಯಾರೋ ಅದಾರೇನೊ ಅನಸತೈತಿ."

ನಾನು ತೂತಿನತ್ತ ಕೈ ತೋರಿಸಿ, ಅದು ಏನಾಗಿತ್ತು, ನೆನಪಿದೆಯೇ ಎಂದು ಕೇಳಿದೆ.

"ನೆನಪೇನ್ ಬಂತು? ಮಜ್ಜಿಗಿ ದ್ವಾಣಿ ಅಲ್ಲನ್ರಿ. ನಿಮ್ಮ ಅಪ್ಪಾರು ಮುಚ್ಚಿಸಿದ್ರು. ಅವ್ರಿಗೆ ನಾಚಿಕಿ ಬಂತೋ ಇಲ್ಲಾ ಇಲಿ ಬಂತೋ, ನನಗ ತಿಳೀದು."

ನನಗಾದ ಹಿಗ್ಗನ್ನು ಮುಚ್ಚಿಡಲಾರೆ. ನನ್ನ ನೆನಪು ನಿಂತಿತು. ಇನ್ನೂ ಗಟ್ಟಿ ಮಾಡಿಕೊಳ್ಳಲು ಕೇಳಿದೆ: "ನಮ್ಮ ಅಜ್ಜಿ ಹಾಕತಿದ್ಲು, ಹೌದಲ್ಲ?"

"ಹೌದ್ರಿ, ಮೊದಲ ಅಮ್ಮಾರು ಹಾಕತಿದ್ರು. ಆಮ್ಯಾಲ ನೀವ ಹಾಕತಿದ್ರಲ್ಲ."

"ನಾನಾ?"

"ಹೂಂ ಮತ್ತ. ನಮಗ ಮಾರಿ ಕಾಣತಿದ್ದಿಲ್ರಿ, ಆದ್ರ ಕೈ ಕಾಣತಿತ್ತು. ಸಣ್ಣ ಕೈ. ಎಡಗೈ. ಅಮ್ಮಾರ ಕೈ ಒಂದ ಸಮ ಸುರೀತಿತ್ತು. ನಿಮ್ಮ ಕೈ ಆಟ ಆಡತಿತ್ತು. ನಾವು ಬಾಯಿ ತಕ್ಕೊಂಡು ನಿಂತ್ರ ತಡದು ತಡದು ಹನಿ ಹಾಕತಿದ್ರಿ, ಆಮ್ಯಾಲ ಒಮ್ಮೆಲೆ ಧೋ ಅಂತ ಬಿಡತಿದ್ರಿ. ಮೂಗಿನಾಗ ಹೊಕ್ಕು ನೆತ್ತಿಗೇರತಿತ್ತು. ಒಳಗ ನೀವು ಕಿಲಕಿಲ ನಗತಿದ್ರಿ." ಆಕೆ ಕೋಪದಿಂದ ಹೇಳಲಿಲ್ಲ. ಒದ್ದೆ ಚಾದರವನ್ನು ಹಿಂಡುತ್ತ, ಮಳೆ ಬಂದ ಸುದ್ದಿ ಹೇಳುವವರಂತೆ ಹೇಳಿದಳು. "ಕೂಸು ನೀವು. ಐದು ವರ್ಷ ಇದ್ದೀತು. ಆದ್ರ ನೆತ್ತಿಗೇರಿದ್ದು ನೆತ್ತಿಗೇರಿದ್ದ ಬಿಡ್ರಿ."

ಗೆಳೆಯರೆ, ಆ ಗಳಿಗೆಯಲ್ಲಿ ನನಗೆ ಬಂದದ್ದು ಪಶ್ಚಾತ್ತಾಪವಲ್ಲ, ಸಮಾಧಾನ. ಎಡಗೈ ಎಂದಳಲ್ಲ. ನಾನು ಬಲಗೈಯವನು. ಬಲಗೈಯಲ್ಲೇ ಉಣ್ಣುವವನು, ಬಲಗೈಯಲ್ಲೇ ಬರೆಯುವವನು. ಸಾಕ್ಷಿ ತಪ್ಪಿದಳು, ಬೇರೆ ಯಾವ ಹುಡುಗನದೋ ಕೈ ಇರಬೇಕು. ಅರ್ಧ ಸಾಕ್ಷ್ಯವನ್ನು ಇಟ್ಟುಕೊಂಡು ಉಳಿದರ್ಧವನ್ನು ತಳ್ಳಿಹಾಕುವುದು ನಮ್ಮ ವಿದ್ಯೆಯಲ್ಲಿ ಕಷ್ಟದ ಕೆಲಸವೇನಲ್ಲ. ದೋಣಿ ಮಜ್ಜಿಗೆಯದು ಎಂಬುದು ದಿಟ, ಕೈ ನನ್ನದೆಂಬುದು ವಯಸ್ಸಾದ ಹೆಂಗಸಿನ ಮರೆವು ಎಂದು ತೀರ್ಮಾನಿಸಿ ರೋಣದ ಬಸ್ಸು ಹತ್ತಿದೆ. ಬಸ್ಸಿನಲ್ಲಿ ಕಿಟಕಿಯಾಚೆ ಹಿಂಗಾರಿ ಜೋಳದ ಹೊಲಗಳು ಓಡುತ್ತಿದ್ದವು. ನಾನು ಬೇರೆಯವರ ಬಾಲ್ಯವನ್ನು ಪರೀಕ್ಷಿಸಿ ಬಂದವನಂತೆ ಹಗುರಾಗಿ ಕೂತಿದ್ದೆ.

ಮನೆಗೆ ಬಂದು ಅಕ್ಕನಿಗೆ ಫೋನ್ ಮಾಡಿದೆ. ಹುಲಿಗೆವ್ವನ ತಪ್ಪನ್ನು ಹೇಳಿ ಇಬ್ಬರೂ ನಗಬಹುದೆಂದುಕೊಂಡಿದ್ದೆ.

ಅಕ್ಕ ನಗಲಿಲ್ಲ. "ನೀ ಎಡಚನ ಇದ್ದೆಲ್ಲೊ," ಎಂದಳು. "ಉಣ್ಣಾಕ ಕುಂತ್ರ ಎಡಗೈಲೆ ಉಣ್ಣಾಂವ. ಅಜ್ಜಿ ಹೊಡದೂ ಹೊಡದೂ ಸಾಕಾದ್ಲು. ಸಾಲಿಗೆ ಹಾಕಿದ ಮ್ಯಾಲ ಮಾಸ್ತರು ಆ ಕೈ ಬೆನ್ನಿಗೆ ಕಟ್ಟಿ ಬರಿಯಾಕ ಕಲಿಸಿದ್ರು. ಅಷ್ಟು ಅತ್ತಾಂವ ನೀ, ಅದೂ ನೆನಪಿಲ್ಲೇನ?"

ಇರಲಿಲ್ಲ. ಕಟ್ಟಿಸಿಕೊಂಡ ಕೈ ತನ್ನ ಜೊತೆ ತಾನು ಮಾಡಿದ್ದನ್ನೆಲ್ಲ ಒಯ್ದಿತ್ತು. ಉಳಿದದ್ದು ಒಂದು ನಗು ಮಾತ್ರ. ಅದನ್ನು ನಾನು ಗೋಡೆಯ ಆಚೆ ನಿಂತವರಿಗೆ ಕೊಟ್ಟುಬಿಟ್ಟಿದ್ದೆ. ಅವರು ಮಜ್ಜಿಗೆ ಕುಡಿದು ನಗುತ್ತಿದ್ದರು ಎಂದು ಅರವತ್ತು ವರ್ಷ ನಂಬಿದ್ದೆ. ಬೇವಿನ ಮರವನ್ನು ಕದ್ದು ತಂದ ನೆನಪೇ ಇದನ್ನೂ ಮಾಡಿತ್ತು, ಈ ಸಲ ತಿರುಗಿಸಿ: ನೆರಳು ಕಂಡರೆ ನನ್ನ ಅಂಗಳಕ್ಕೆ, ಕೊಳೆ ಕಂಡರೆ ಪರರ ಅಂಗಳಕ್ಕೆ. ಮರೆವು ಕುರುಡು ಎನ್ನುತ್ತಾರೆ. ನನ್ನ ಮರೆವಿಗೆ ಎರಡು ಕಣ್ಣೂ ಚೆನ್ನಾಗಿದ್ದವು.

"ಮತ್ತ ಆ ತಂಬಗಿ ನಿನ್ನ ಹತ್ರನ ಐತೆಲ್ಲ," ಎಂದು ಅಕ್ಕ ಸೇರಿಸಿದಳು. "ಪಾಲಿನ ದಿನ ನೀನ ಎತಗೊಂಡು ಹ್ವಾದಿ."

ಫೋನ್ ಇಟ್ಟು ತಂಬಿಗೆಯ ಪೆನ್ನುಗಳನ್ನು ಮೇಜಿನ ಮೇಲೆ ಸುರಿದೆ. ಕಿಟಕಿಯ ಬಳಿ ಹಿಡಿದು ಒಳಗೆ ನೋಡಿದೆ. ತಳದ ಸುತ್ತ ಬೂದುಬಣ್ಣದ ಚೂರು ಚೂರು ಅಂಟಿಕೊಂಡಿತ್ತು. ಕಲಾಯಿ. ನೀರಿನ ತಂಬಿಗೆಗೆ ನಮ್ಮ ಕಡೆ ಯಾರೂ ಕಲಾಯಿ ಮಾಡಿಸುವುದಿಲ್ಲ. ಹುಳಿ ಹಾಕಿದರೆ ಹಿತ್ತಾಳೆ ಕಿಲುಬು ಹಿಡಿಯುತ್ತದೆಂದು ಮಜ್ಜಿಗೆ, ಸಾರಿನ ಪಾತ್ರೆಗೆ ಮಾಡಿಸುತ್ತಾರೆ. ಸಾಕ್ಷಿ ಎಲ್ಲಿ ಎಂದು ಹುಡುಕಲು ಬಸ್ಸು ಹತ್ತಿ ಹೋದವನ ಮೇಜಿನ ಮೇಲೆ ಸಾಕ್ಷಿ ಹನ್ನೆರಡು ವರ್ಷದಿಂದ ನನ್ನ ಪೆನ್ನುಗಳನ್ನು ಹಿಡಿದುಕೊಂಡಿತ್ತು. ಅದರಿಂದ ಒಂದೊಂದೇ ಪೆನ್ನೆತ್ತಿ ನಾನು ಸಮಾನತೆಯ ಬಗ್ಗೆ ಎಷ್ಟು ಲೇಖನ ಬರೆದಿದ್ದೇನೋ.

ಮುಂದಿನ ವಾರ ಅದನ್ನು ಚೀಲದಲ್ಲಿಟ್ಟುಕೊಂಡು ಹೋದೆ. ಆ ಇಕ್ಕಟ್ಟಿನ ದಾರಿಯಲ್ಲಿ ಒಬ್ಬನೇ ನಿಂತು, ಬಾಯಂಚಿನ ತಗ್ಗನ್ನು ದೋಣಿಯ ಅಂಚಿಗೆ ಹೊಂದಿಸಿ ನೋಡಬೇಕೆಂದಿದ್ದೆ. ಯಾವ ತಂಬಿಗೆಯ ತಗ್ಗಾದರೂ ಯಾವುದಾದರೂ ಕಲ್ಲಿಗೆ ಹೊಂದುತ್ತದೆ, ಇದರಿಂದ ಏನೂ ಸಿದ್ಧವಾಗದು ಎಂಬ ವಾದವನ್ನೂ ಮುಂಚೆಯೇ ತಯಾರು ಮಾಡಿಕೊಂಡಿದ್ದೆ. ವಾದದ ಅಗತ್ಯ ಬೀಳಲಿಲ್ಲ. ತಂಬಿಗೆ ದೋಣಿಗೆ ತಾಗಿ ಠಣ್ ಎಂದ ಮೇಲೆ ಕೆಳಗೆ ನೋಡಿಕೊಂಡೆ. ಚೀಲ ಬಲಗೈಯಲ್ಲಿತ್ತು. ತಂಬಿಗೆ ಎತ್ತಿದ್ದು ಎಡಗೈ. ಅದಕ್ಕೆ ಯಾರೂ ಹೇಳಿರಲಿಲ್ಲ. ಕಲ್ಲಿನ ಮೂಲೆ, ಗೋಡೆಯ ಅಂತರ, ಕೈ ಬಾಗಬೇಕಾದ ಓರೆ, ಎಲ್ಲ ಅದಕ್ಕೆ ಗೊತ್ತಿತ್ತು. ಮನೆಯನ್ನು ನಾವು ನೆನಪಿಡುತ್ತೇವೆ ಎಂದುಕೊಳ್ಳುತ್ತೇವೆ. ಮನೆ ನಮ್ಮನ್ನು ನೆನಪಿಟ್ಟಿರುತ್ತದೆ, ನಾವು ಮುಚ್ಚಿಸಿದ ಕಡೆಯಲ್ಲೇ.

ಫಲಕಕ್ಕೆಂದು ಬರೆದದ್ದು ಜೇಬಿನಲ್ಲಿತ್ತು. ಹಿತ್ತಿಲಿಗೆ ಹೋಗಿ ಹುಲಿಗೆವ್ವನಿಗೆ ಓದಿದೆ. ಆಕೆಗೆ ಓದು ಬಾರದು, ಕೇಳುವುದು ಚೆನ್ನಾಗಿ ಬರುತ್ತದೆ. ಇದು ಮಜ್ಜಿಗೆಯ ದೋಣಿಯೆಂದೂ, ಅಂದಿನ ಸಮಾಜದ ಅಸ್ಪೃಶ್ಯತೆಯ ಆಚರಣೆಗೆ ಇದೊಂದು ಮೂಕ ಸಾಕ್ಷಿಯೆಂದೂ, ದುಡಿಯುವ ವರ್ಗದ ನೋವು ಈ ಕಲ್ಲಿನಲ್ಲಿ ಹೆಪ್ಪುಗಟ್ಟಿದೆಯೆಂದೂ ಆರು ಸಾಲು. ಚೆನ್ನಾಗಿಯೇ ಇದ್ದವು. ಆಕೆ ಕೊನೆಯವರೆಗೂ ಕೇಳಿ, ಕೈಯ ಸಾಬೂನು ನೊರೆ ಝಾಡಿಸಿ ಹೇಳಿದಳು:

"ಚಲೋ ಐತಿ. ಕೈ ಎಲ್ಲೈತಿ ಇದರಾಗ?"

ನಾನು ಕಾಗದವನ್ನು ಇನ್ನೊಮ್ಮೆ ನೋಡಿಕೊಂಡೆ. ಆಕೆಯೇ ಮುಂದುವರಿಸಿದಳು. "ಸಮಾಜ ಅಂದ್ರಿ. ಸಮಾಜ ನಾ ನೋಡಿಲ್ಲ ಗೌಡ್ರ. ನಾ ನೋಡಿದ್ದು ಕೈ. ಬರೀದಿದ್ರ ಬಿಡ್ರಿ, ನನಗೇನ ಆಗೂದೈತಿ. ಬರೀತೀರಂದ್ರ ಕೈ ಬರೀರಿ."

ಅಲ್ಲೇ, ಒಗೆಯುವ ಕಲ್ಲಿನ ಪಕ್ಕದ ಕಟ್ಟೆಯ ಮೇಲೆ ಕೂತು ಕಾಗದದ ಹಿಂಬದಿಗೆ ಹೊಸದಾಗಿ ಬರೆದೆ. ಈ ದೋಣಿಯ ಮೂಲಕ ಹೊರಗೆ ನಿಂತ ಕೇರಿಯವರ ಬೊಗಸೆಗೆ ಮಜ್ಜಿಗೆ ಸುರಿಯುತ್ತಿದ್ದೆವು. ಸುರಿದವರಲ್ಲಿ ನಾನೂ ಒಬ್ಬ. ಅವರ ನೆತ್ತಿಗೇರಿಸಿ ನಕ್ಕಿದ್ದೇನೆ. ಕೆಳಗೆ ನನ್ನ ಹೆಸರು. ಓದಿದೆ. ಹುಲಿಗೆವ್ವ ಹೂಂ ಎಂದು ಚಾದರಕ್ಕೆ ತಿರುಗಿದಳು. ಕ್ಷಮೆಯ ಮಾತು ಅವಳ ಬಾಯಿಂದ ಬರುತ್ತದೇನೋ ಎಂದು ನಾನು ಇನ್ನೂ ತುಸು ಹೊತ್ತು ಅಲ್ಲೇ ನಿಂತಿದ್ದೆ ಎಂಬುದನ್ನು ನಿಮ್ಮೊಬ್ಬರಿಗೆ ಹೇಳುತ್ತಿದ್ದೇನೆ. ಕೇಳದೆಯೇ ಕೊಡಲಿ ಎಂಬ ಆಸೆ. ಸುರಿಸಿಕೊಂಡವರಿಂದ ಮತ್ತೂ ಏನಾದರೂ ಸುರಿಸಿಕೊಳ್ಳುವ ಚಟ ನಮ್ಮವರಿಗೆ ಬೇಗ ಹೋಗುವುದಿಲ್ಲ.

ಈರಣ್ಣ ಓದಿದ. ಎರಡು ಸಲ ಓದಿದ. ಅವನ ಮುಖದಲ್ಲಿ ಸಿಟ್ಟಿಗಿಂತ ದಿಗಿಲು ಹೆಚ್ಚಿತ್ತು.

"ಅಣ್ಣಾ, ಮಂದಿ ಇಲ್ಲಿ ಉಣ್ಣಾಕ ಬರತಾರ. ಎದುರಿಗೆ ಇದನ್ನ ಹಚ್ಚಿದ್ರ ತುತ್ತು ಇಳೀತೈತೇನ? ಆಗಿಂದು ಆಗಿ ಹೋತು. ಹುಲಿಗೆವ್ವ ಈಗ ಒಳಗ ಬರತಾಳ, ಹಾಸಿಗಿ ಹಾಸತಾಳ. ನಾ ಏನರ ಅಂತೀನೇನ?"

"ನೀರು ಎಲ್ಲಿ ಕುಡೀತಾಳ?" ಎಂದೆ.

ಆತ ನನ್ನನ್ನು ನೋಡಿದ. ನಿಜಕ್ಕೂ ಅರ್ಥವಾಗಿರಲಿಲ್ಲ. "ಅದು ಸ್ವಚ್ಛತಾಕ್ಕ ಅಣ್ಣಾ. ಗಿರಾಕಿ ಲೋಟ ಬ್ಯಾರೆ, ಕೆಲಸದವ್ರದು ಬ್ಯಾರೆ. ಎಲ್ಲಾ ಹೋಟ್ಲದಾಗೂ ಹಂಗ ಇರತೈತಿ." ಆಮೇಲೆ ನನ್ನ ಚೀಲದಲ್ಲಿ ತಂಬಿಗೆ ಕಂಡು ಅವನ ಕಣ್ಣು ಅರಳಿತು. "ಇದು ವಾಡೇದ್ದ ಅಲ್ಲ? ಇದನ್ನ ಕಿಂಡಿ ಕೆಳಗ ಗಾಜಿನ ಪೆಟಗಿಯಾಗ ಇಡೂಣು. ಬಂದೂಕಿನ ಮದ್ದಿನ ತಂಬಗಿ ಅಂತ ಬರಸೂಣು."

ತಂಬಿಗೆಯನ್ನು ಚೀಲದೊಳಗೆ ತಳ್ಳಿದೆ. ಕಾಗದವನ್ನು ಅವನ ಕೈಯಲ್ಲೇ ಬಿಟ್ಟು, ಹಾಕುವುದಾದರೆ ಇದನ್ನೇ ಹಾಕು, ಇಲ್ಲದಿದ್ದರೆ ಏನೂ ಹಾಕಬೇಡ ಎಂದು ಹೇಳಿ ಬಂದೆ. ಆತ ತಲೆಯಾಡಿಸಿದ. ತಲೆಯಾಡಿಸುವುದಕ್ಕೆ ಅವನ ವ್ಯಾಪಾರದಲ್ಲಿ ಯಾವ ಅರ್ಥವೂ ಇಲ್ಲವೆಂದು ನನಗೆ ತಿಳಿದಿರಬೇಕಿತ್ತು.

ಎರಡು ತಿಂಗಳ ಮೇಲೆ ಹೋದಾಗ ಫಲಕ ಗೋಡೆಯಲ್ಲಿ ಕೂತಿತ್ತು. ಕರಿಯ ಕಲ್ಲಿನ ಮೇಲೆ ಬಂಗಾರದ ಬಣ್ಣದ ಅಕ್ಷರ. ಬಂಡಾಯದ ಕಾಲದ ಬಂದೂಕಿನ ಕಿಂಡಿ. ಇಲ್ಲಿಂದ ವೀರರು ಹೋರಾಡಿದರು. ಕೆಳಗೆ ನನ್ನ ಹೆಸರು, ಅದರ ಮುಂದೆ ನಿವೃತ್ತ ಪ್ರಾಧ್ಯಾಪಕರು, ಈ ಮನೆತನದ ಕುಡಿ. ನನ್ನ ಹೆಸರನ್ನಾದರೂ ಕೆತ್ತಿ ತೆಗೆಸು ಎಂದು ಈರಣ್ಣನಿಗೆ ಗಟ್ಟಿಯಾಗಿಯೇ ಹೇಳಿದೆ. "ನಿನ್ನ ಹೆಸರು ತಗದ್ರ ಯಾರ ನಂಬತಾರ ಅಣ್ಣಾ?" ಎಂದ, ನನ್ನನ್ನು ಹೊಗಳುವವನಂತೆ. ಇವತ್ತಿಗೂ ತೆಗೆದಿಲ್ಲ. ನಾನು ವಾರಕ್ಕೊಮ್ಮೆ ಫೋನ್ ಮಾಡುತ್ತೇನೆ, ಆತ ವಾರಕ್ಕೊಮ್ಮೆ ಹೂಂ ಎನ್ನುತ್ತಾನೆ. ಸುತ್ತಿಗೆ ಒಯ್ದು ನಾನೇ ಒಡೆಯಬಹುದು. ಒಡೆದ ದಿನ ಹುಲಿಗೆವ್ವನ ಕೆಲಸ ಉಳಿಯುತ್ತದೆಯೇ ಎಂದು ಯೋಚಿಸಿ ಸುಮ್ಮನಿದ್ದೇನೆ, ಅಥವಾ ಸುಮ್ಮನಿರಲು ಅವಳ ಹೆಸರು ಸಿಕ್ಕಿತೆಂದು ಸುಮ್ಮನಿದ್ದೇನೆ. ಎರಡರಲ್ಲಿ ಯಾವುದೆಂದು ನನ್ನನ್ನು ನಾನು ಕೇಳಿದರೆ ಉತ್ತರ ನಂಬುವಂತಿಲ್ಲ.

ಅಂದು ಹುಲಿಗೆವ್ವ ಮಡಚಿದ ಚಾದರಗಳ ಗಂಟು ಹೊತ್ತು ಆ ದಾರಿಯಲ್ಲೇ ಬಂದಳು. ಫಲಕದ ಮುಂದೆ ನಿಂತು, "ಭಾಳ ಚಂದ ಮಿಂಚತೈತಿ. ಕೈ ಬರದೀರಿ?" ಎಂದು ಕೇಳಿದಳು.

ಇದ್ದದ್ದನ್ನು ಓದಿ ಹೇಳಬೇಕಾಯಿತು. ಬಂದೂಕು ಎಂದೆ. ವೀರರು ಎಂದೆ. ನನ್ನ ಹೆಸರಿನವರೆಗೂ ಓದಿದೆ.

ಆಕೆ ಗಂಟನ್ನು ಸೊಂಟಕ್ಕೆ ಇಳಿಸಿಕೊಂಡು ದೋಣಿಯನ್ನೂ ನನ್ನನ್ನೂ ನೋಡಿದಳು. ತುಟಿಯ ಒಂದು ಬದಿ ಮಾತ್ರ ನಕ್ಕಿತು. "ಬಂದೂಕ ಅಂದ್ರೂ ಖರೇನ ಬಿಡ್ರಿ. ಅದರ ಮುಂದ ಬಾಯಿ ತಕ್ಕೊಂಡು ನಿಂತಾವ್ರು ನಾವ ಅಲ್ಲೇನ?" ಎಂದು ಹಾಸಿಗೆ ಹಾಸಲು ಮೆಟ್ಟಿಲು ಹತ್ತಿ ಹೋದಳು.

ಈಗ ನನ್ನ ಪೆನ್ನುಗಳು ಒಂದು ಗಾಜಿನ ಲೋಟದಲ್ಲಿವೆ. ತಂಬಿಗೆ ಅದೇ ಮೂಲೆಯಲ್ಲಿ ಖಾಲಿ ಕೂತಿದೆ. ಅದನ್ನು ಹುಲಿಗೆವ್ವನಿಗೆ ಕೊಡಬೇಕೆಂದು ಒಮ್ಮೆ ಯೋಚಿಸಿದ್ದೆ. ಅವಳು ಮುಟ್ಟಬಾರದೆಂದು ಇಟ್ಟುಕೊಂಡ ಪಾತ್ರೆಯನ್ನು ಈಗ ಅವಳ ಉಡಿಗೆ ಹಾಕುವುದು ಮತ್ತೊಂದು ಇಳಿಜಾರಿನ ದೋಣಿಯೇ ಎನ್ನಿಸಿ ಬಿಟ್ಟೆ. ಮೊನ್ನೆ ಹಳೆಯ ಸಹೋದ್ಯೋಗಿಯೊಬ್ಬರು ಬಂದಿದ್ದರು. ಎಲ್ಲರಂತೆ ಎತ್ತಿದರು, ತೂಗಿದರು, ಬಾಯಂಚಿನ ತಗ್ಗಿನಲ್ಲಿ ಹೆಬ್ಬೆರಳು ಆಡಿಸಿದರು.

"ಅಜ್ಜಿಯದಲ್ಲವೆ ಇದು?" ಎಂದರು.

"ಅಲ್ಲ," ಎಂದೆ. "ನನ್ನದು."

ಈಗ ಇಂಥ ಹಿತ್ತಾಳೆ ಎಲ್ಲಿ ಸಿಗುತ್ತದೆ ಎಂದು ನಿಟ್ಟುಸಿರಿಟ್ಟು ಅವರು ಅದನ್ನು ಮತ್ತೆ ಅಲ್ಲೇ ಇಟ್ಟರು.